ಮಗುವಿನ ಎಸ್‌ಜಿಪಿಟಿ 45 ಬಂದರೆ ಅದು ನಾರ್ಮಲ್ ಅಲ್ಲ

ಎಸ್‌ಜಿಪಿಟಿ (ಎಎಲ್‌ಟಿ) ಅಂದರೆ ಲಿವರಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಒಂದು ಕಿಣ್ವ. ಲ್ಯಾಬ್ ರಿಪೋರ್ಟಿನಲ್ಲಿ ಅದರ ಎದುರು 40ರವರೆಗೆ, ಕೆಲವು ಕಡೆ 50ರವರೆಗೂ ನಾರ್ಮಲ್ ಅಂತ ಅಚ್ಚಾಗಿರುತ್ತದೆ. ಅದು ದೊಡ್ಡವರ ಲೆಕ್ಕ. ಮಕ್ಕಳ ಲಿವರ್ ತಜ್ಞರು ಬಳಸುವ ಮಿತಿ ಹುಡುಗರಿಗೆ 26, ಹುಡುಗಿಯರಿಗೆ 22. ಮೈತೂಕ ಜಾಸ್ತಿಯಿರುವ ಹತ್ತು ವರ್ಷದ ಮಗುವಿಗೆ 45 ಬಂದರೂ ರಿಪೋರ್ಟು ಎಚ್ಚರಿಸದೇ ಇರಬಹುದು, ಫೈಲು ಬೀರು ಸೇರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುವ ತೊಂದರೆ ಇರುವ ಬಹುತೇಕ ಮಕ್ಕಳಿಗೆ ನೋವೂ ಇರುವುದಿಲ್ಲ, ಕಾಮಾಲೆಯೂ ಇರುವುದಿಲ್ಲ. ಆ ಒಂದು ಅಂಕಿಯೇ ಸುಳಿವು.

ಸ್ಕ್ಯಾನ್ ಸರಿಯಿದೆ ಅಂತಲೂ ನಿರಾಳರಾಗಬೇಡಿ. ಲಿವರಿನಲ್ಲಿ ಕೊಬ್ಬು ಸ್ವಲ್ಪವೇ ಇದ್ದರೆ ಅಲ್ಟ್ರಾಸೌಂಡಿಗೆ ಅದು ಸಿಗದೇ ಹೋಗಬಹುದು.

ಮನೆಯಲ್ಲೇ ನೋಡಬಹುದಾದದ್ದು ಎರಡಿದೆ. ಸೊಂಟದ ಸುತ್ತಳತೆ ಎತ್ತರದ ಅರ್ಧ ದಾಟಬಾರದು, 140 ಸೆಂ.ಮೀ. ಎತ್ತರದ ಮಗುವಿಗೆ 70ರ ಒಳಗಿರಬೇಕು. ಇನ್ನೊಂದು, ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನ ಹಾಗೆ ದಪ್ಪಗಾಗಿ ಕಪ್ಪಿಟ್ಟ ಚರ್ಮ. ಕೊಳೆ ಅಂತ ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ತಿಕ್ಕುತ್ತಾರೆ, ಪಾಪ ಮಗು ಉರಿ ತಡೆದುಕೊಂಡು ಕೂತಿರುತ್ತದೆ. ತಿಕ್ಕಿದರೆ ಹೋಗುವುದಲ್ಲ ಅದು. ಸಾಮಾನ್ಯವಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು.

ಎಲ್ಲರೂ ಎಣ್ಣೆ, ತುಪ್ಪವನ್ನು ದೂರುತ್ತಾರೆ. ನಾನು ಮೊದಲು ಸಕ್ಕರೆ ನಿಲ್ಲಿಸಿ ಅನ್ನುತ್ತೇನೆ. ಸಕ್ಕರೆಯ ಅರ್ಧಭಾಗ ಫ್ರಕ್ಟೋಸ್. ಅದರ ಬಹುಪಾಲನ್ನು ಸಂಭಾಳಿಸುವುದು ಲಿವರ್, ಹೆಚ್ಚಾದಾಗ ಕೊಬ್ಬು ಮಾಡಿಬಿಡುತ್ತದೆ. 250 ಮಿ.ಲೀ. ಕೋಲಾದಲ್ಲೇ ಸುಮಾರು 26 ಗ್ರಾಂ ಸಕ್ಕರೆ, ಅಂದರೆ ಐದಾರು ಟೀ ಚಮಚ. ‘ಸಕ್ಕರೆ ಹಾಕಿಲ್ಲ’ ಎಂಬ ಪ್ಯಾಕೆಟ್ ಜ್ಯೂಸೂ ಹೆಚ್ಚು ಹಿಂದೆ ಬೀಳುವುದಿಲ್ಲ. ಹಾಲಿಗೆ ಬೆರೆಸುವ ಪುಡಿ, ಬಿಸ್ಕತ್ತು, ಬೇಕರಿ ಬನ್ನು ಬೇರೆ. ಬೆಲ್ಲ, ಜೇನುತುಪ್ಪ ಕೂಡ ಲಿವರಿಗೆ ಸಕ್ಕರೆಯೇ. ಅಮೆರಿಕದಲ್ಲಿ ಫ್ಯಾಟಿ ಲಿವರ್ ಇದ್ದ 40 ಹುಡುಗರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ಕರೆ ಕಟ್ಟುನಿಟ್ಟಾಗಿ ತಗ್ಗಿಸಿದವರ ಲಿವರ್ ಕೊಬ್ಬು ಎಂಟೇ ವಾರದಲ್ಲಿ 25%ರಿಂದ 17%ಕ್ಕೆ ಇಳಿಯಿತು. ಮಾಮೂಲಿ ಊಟ ಮಾಡಿದವರಲ್ಲಿ 21% ಇದ್ದದ್ದು 20% ಆಯಿತು, ಅಷ್ಟೇ. ಇಡೀ ಮನೆಯ ಅಡುಗೆಯನ್ನೇ ಬದಲಿಸಿದ್ದರು ಅನ್ನುವುದನ್ನು ಗಮನಿಸಿ. ಅಪ್ಪ ಕೋಲಾ ಕುಡಿಯುತ್ತಾ ಮಗುವಿಗೆ ಬೇಡ ಅಂದರೆ ನಡೆಯುವುದಿಲ್ಲ.

ಉಪವಾಸ ಕೆಡವಬೇಡಿ. ಬೆಳೆಯುವ ಮಗುವಿಗೆ ಎಷ್ಟೋ ಸಲ ತೂಕ ಏರದಂತೆ ನೋಡಿಕೊಂಡರೂ ಸಾಕು. ಎತ್ತರ ಹೆಚ್ಚಿದ ಹಾಗೆ ಬಿಎಂಐ ತಾನಾಗಿ ಇಳಿಯುತ್ತದೆ. ದಿನಕ್ಕೆ ಒಂದು ಗಂಟೆ ಬೆವರು ಬರುವ ಆಟ ಇರಲಿ.

‘ಲಿವರ್ ಟಾನಿಕ್’ ಕೇಳಬೇಡಿ. ವಿಟಮಿನ್ ಇ, ಸಕ್ಕರೆ ಕಾಯಿಲೆಯ ಔಷಧಿ ಮೆಟ್‌ಫಾರ್ಮಿನ್ ಎರಡನ್ನೂ ಮಕ್ಕಳ ಮೇಲೆ ಪರೀಕ್ಷಿಸಿದ 2011ರ ಅಧ್ಯಯನದಲ್ಲಿ, ಎಸ್‌ಜಿಪಿಟಿಯನ್ನು ಇಳಿಸಿ ಹಾಗೇ ಉಳಿಸುವುದರಲ್ಲಿ ಅವು ಔಷಧಿಯೇ ಇಲ್ಲದ ಬರೀ ಗುಳಿಗೆಯನ್ನು ಮೀರಿಸಲಿಲ್ಲ.

ಮಗು ದಪ್ಪಗಿದೆ ಅಂದಮಾತ್ರಕ್ಕೆ ಎಲ್ಲವೂ ಕೊಬ್ಬಿನದ್ದೇ ಅಂತಲೂ ಅಲ್ಲ. ಎಸ್‌ಜಿಪಿಟಿ ಮಕ್ಕಳ ಮಿತಿಯ ಎರಡು ಪಟ್ಟಿಗಿಂತ ಮೇಲೆ ಮೂರು ತಿಂಗಳು ಉಳಿದರೆ ಹೆಪಟೈಟಿಸ್ ಬಿ, ಸಿ, ಆಟೋಇಮ್ಯೂನ್ ಹೆಪಟೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಲಿವರಿನ ಮೇಲೆ ತಿರುಗಿಬೀಳುವ ಕಾಯಿಲೆ) ಪರೀಕ್ಷೆಗಳು, ಜೊತೆಗೆ ವಿಲ್ಸನ್ ಕಾಯಿಲೆ ಪತ್ತೆಗೆ ರಕ್ತದ ಸೆರುಲೋಪ್ಲಾಸ್ಮಿನ್ (ತಾಮ್ರ ಸಾಗಿಸುವ ಪ್ರೋಟೀನ್) ಪರೀಕ್ಷೆ ಆಗಲೇಬೇಕು. ವಿಲ್ಸನ್‌ನಲ್ಲಿ ತಾಮ್ರ ಶೇಖರವಾಗುತ್ತದೆ, ಸ್ಕ್ಯಾನಿನಲ್ಲಿ ಫ್ಯಾಟಿ ಲಿವರಿನಂತೆಯೇ ಕಾಣಬಹುದು, ಅದಕ್ಕೆ ಔಷಧಿ ಇದೆ. 80 ದಾಟಿದ್ದರೆ ಮೂರು ತಿಂಗಳು ಕಾಯದೆ ಮಕ್ಕಳ ಲಿವರ್ ತಜ್ಞರ ಹತ್ತಿರ ಹೋಗಿ.