ರಕ್ತದಲ್ಲೇ ಇದೆ ಅಂತೀರಿ, ಶಾಲೆಯ ಮಾತು ಯಾಕೆ ಬರಲ್ಲ?

ಕೊಡಗಿನಲ್ಲಿ ಮದುವೆಗೆ ಹೋದರೂ ತಿಥಿಗೆ ಹೋದರೂ ಒಬ್ಬರಾದರೂ ಮಾಜಿ ಸೈನಿಕರು ಸಿಗುತ್ತಾರೆ. ಮಾತು ಎಲ್ಲಿಂದ ಶುರುವಾದರೂ 'ಮಿಲಿಟರಿ ಅನ್ನೋದು ನಮ್ಮ ರಕ್ತದಲ್ಲೇ ಇದೆ' ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಕೇಳೋಕೆ ಚೆನ್ನಾಗಿದೆ. ನನಗೆ ಮಾತ್ರ ಅದು ಅರ್ಧ ಸತ್ಯ ಅನ್ನಿಸುತ್ತದೆ. ಉಳಿದರ್ಧ ಶಾಲೆ, ತರಬೇತಿ.

ಮಡಿಕೇರಿಯ 'ಸನ್ನಿ ಸೈಡ್' ಈಗ ಜನರಲ್ ತಿಮ್ಮಯ್ಯ ಮ್ಯೂಸಿಯಂ. ಅಲ್ಲಿಟ್ಟಿರುವ ಟ್ಯಾಂಕ್ ಮುಂದೆ ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಆ ಮನೆಯ ಹುಡುಗ ತಿಮ್ಮಯ್ಯ 1922ರಲ್ಲಿ ಡೆಹ್ರಾಡೂನ್‌ನ ಬೋರ್ಡಿಂಗ್ ಶಾಲೆಗೆ ಹೋಗಿದ್ದನ್ನು ಯಾರೂ ಎತ್ತಲ್ಲ. (ಕೊಡಗಿಗೆ ಇವತ್ತಿಗೂ ರೈಲಿಲ್ಲ. ಆ ಕಾಲದ ಪ್ರಯಾಣ ನೀವೇ ಊಹಿಸಿ.)

ಶಾಲೆ ಶುರುವಾಗಿದ್ದೂ ಅದೇ ವರ್ಷ, ಮಾರ್ಚ್ 13ಕ್ಕೆ. ಹೆಸರು ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು. ಹೆಸರಿಗೆ ಕಾಲೇಜು, ಒಳಗೆ ಹುಡುಗರ ಶಾಲೆ. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಭಾರತೀಯರು ಹೋರಾಡಿದ ಮೇಲೆ ಬ್ರಿಟಿಷರು ಸೇನಾಧಿಕಾರಿಗಳನ್ನು ತಯಾರು ಮಾಡುವ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಕಾಲೇಜಿನಲ್ಲಿ ನಮ್ಮವರಿಗೆ ವರ್ಷಕ್ಕೆ 10 ಸೀಟು ಬಿಟ್ಟುಕೊಟ್ಟರು. ಹೋದವರಲ್ಲಿ ಸುಮಾರು ಜನ ಫೇಲಾದರು. ಅದಕ್ಕೇ ಹುಡುಗರನ್ನು ಚಿಕ್ಕಂದಿನಲ್ಲೇ ಹಿಡಿದು, ಇಂಗ್ಲಿಷ್ ಪಬ್ಲಿಕ್ ಸ್ಕೂಲಿನ ಮಾತು, ಆಟ, ಊಟದ ರೀತಿ ಎಲ್ಲ ಕಲಿಸಿ ಕಳಿಸೋಣ ಅಂತ ಈ ಏರ್ಪಾಡು. ತಿಮ್ಮಯ್ಯನವರು ಇಲ್ಲಿಂದಲೇ ಸ್ಯಾಂಡ್‌ಹರ್ಸ್ಟ್‌ಗೆ ಹೋದರು, 1957ರಲ್ಲಿ ಸೇನಾ ಮುಖ್ಯಸ್ಥರಾದರು.

ಹಾಗಾದರೆ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದ ಕೊಡಗಿನ ಕಾರ್ಯಪ್ಪನವರು? ಅವರು ಓದಿದ್ದು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ. ಆದರೂ ಅಧಿಕಾರಿಯಾಗೋಕೆ ಇಂದೋರ್‌ನ ಕೆಡೆಟ್ ತರಬೇತಿ ಬೇಕಾಯಿತು.

ರಕ್ತದ ಮಾತಿನಲ್ಲಿ ಇನ್ನೊಂದು ತೊಡಕಿದೆ. ರಕ್ತದಲ್ಲೇ ಇದ್ದರೆ ಅಕ್ಕತಂಗಿಯರಿಗೂ ಇರಬೇಕಲ್ವಾ? ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು ಹಾರಿಸಿ, ಹರಳು ಗಿಡದ ಕಡ್ಡಿಯಲ್ಲಿ ಮಾಡಿದ ಪುಟ್ಟ ಬಿಲ್ಲನ್ನು ಮಗುವಿನ ಕೈಗೆ ಕೊಡುವ ಪದ್ಧತಿ. ಹೆಣ್ಣುಮಗುವಿಗೆ ಬಿಲ್ಲಿಲ್ಲ. ಅದೇ ಹೆಣ್ಣುಮಕ್ಕಳು ದೊಡ್ಡವರಾಗಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಸೀರೆ ಉಟ್ಟುಕೊಂಡೇ ಕೋವಿ ಹಿಡಿದು ಗುರಿ ಇಡುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ.

ಡೆಹ್ರಾಡೂನ್ ಶಾಲೆಗೆ ಹುಡುಗಿಯರು ಕಾಲಿಟ್ಟದ್ದು 2022ರಲ್ಲಿ. ನೂರು ವರ್ಷ ಆದಮೇಲೆ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ನಮ್ಮ ಕೂಡಿಗೆಯ ಸೈನಿಕ ಶಾಲೆ 2007ರಲ್ಲಿ ಶುರುವಾದಾಗಲೂ ಹುಡುಗರಿಗೆ ಮಾತ್ರ ಇತ್ತು. 2020–21ರಲ್ಲಿ ಹುಡುಗಿಯರಿಗೂ ಸೀಟು ಸಿಕ್ಕಿತು. ಇಷ್ಟು ವರ್ಷ ಅವರನ್ನು ತಡೆದದ್ದು ಒಂದು ಅಡ್ಮಿಷನ್ ನಿಯಮ, ಅಷ್ಟೇ.

'ಹುಡುಗಿಯರು ಬಂದರೆ ಹಳೆಯ ಶಿಸ್ತು ಉಳಿಯಲ್ಲ' ಅನ್ನುವ ಹಿರಿಯರೂ ಇದ್ದಾರೆ. ಸೇನೆಯೇ ಹೆಣ್ಣುಮಕ್ಕಳಿಗೆ ಕಮಿಷನ್, ಅಂದರೆ ಅಧಿಕಾರಿ ಹುದ್ದೆ, ಕೊಡುತ್ತಿರುವಾಗ ಶಾಲೆಗೇನು ತೊಂದರೆಯೋ ನನಗಂತೂ ಗೊತ್ತಾಗಲ್ಲ.

ಸೈನಿಕ ಶಾಲೆಯ ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ ಇದೆ, ವಯಸ್ಸು 10ರಿಂದ 12. ಮಗನಿಗೆ ಕೋಚಿಂಗ್ ಹುಡುಕುವ ಅಪ್ಪಂದಿರು ಮಗಳ ಅರ್ಜಿಯನ್ನೂ ಹಾಕಿ. ಹುಡುಗಿಯರಿಗಿರುವ ಸೀಟು ಕಮ್ಮಿ, ಸುಮಾರು ಹತ್ತರಲ್ಲಿ ಒಂದು. ಜಗಳ ಆಡೋದಿದ್ದರೆ ಅದಕ್ಕೆ ಆಡೋಣ.