ಒಂದೇ ಮರ, ಹಲವು ಡಿಸ್ಕು

ವಿಂಡೋಸ್‌ನಲ್ಲಿ ಸಿ, ಡಿ ಎಂದು ಡ್ರೈವ್‌ಗಳು ಬೇರೆ ಬೇರೆಯಾಗಿ ನಿಂತಿರುತ್ತವೆ. ಫೈಲ್ ಎಲ್ಲಿದೆ ಎಂದು ಆ ಅಕ್ಷರವೇ ಹೇಳಿಬಿಡುತ್ತದೆ. ಲಿನಕ್ಸ್‌ನಂಥ ಯುನಿಕ್ಸ್ ಜಾತಿಯ ಸಿಸ್ಟಂಗಳಲ್ಲಿ ಅಂಥ ಸುಳಿವೇ ಇಲ್ಲ. ಮೇಲೆ ಒಂದು ಓರೆಗೀಟು, ಅದೇ ರೂಟ್. ಉಳಿದದ್ದೆಲ್ಲ ಅದರ ಕೆಳಗೆ. ಬಳಕೆದಾರರ ಫೈಲ್‌ಗಳಿರುವ ಹೋಮ್ (/home) ಒಂದು ಡಿಸ್ಕಿನಲ್ಲಿ, ಲಾಗ್‌ನಂಥ ಬೆಳೆಯುವ ಫೈಲ್‌ಗಳಿರುವ ವಾರ್ (/var) ಇನ್ನೊಂದರಲ್ಲಿ ಇರಬಹುದು. ಓಡುತ್ತಿರುವ ಪ್ರೋಗ್ರಾಂಗಳ ವಿವರ ತೋರಿಸುವ ಪ್ರೊಕ್ (/proc) ಅಂತೂ ಯಾವ ಡಿಸ್ಕಿನಲ್ಲೂ ಇಲ್ಲ. ನಾವು ಓದಲು ಹೋದಾಗ ಸಿಸ್ಟಂನ ತಿರುಳಾದ ಕರ್ನಲ್ ಅದನ್ನು ಆ ಕ್ಷಣಕ್ಕೆ ಹುಟ್ಟಿಸಿ ಕೊಡುತ್ತದೆ. ನೋಡುವವರಿಗೆ ಮಾತ್ರ ಎಲ್ಲವೂ ಡೈರೆಕ್ಟರಿಗಳೇ.

ಒಂದು ಪಾರ್ಟಿಷನ್, ಅಂದರೆ ಡಿಸ್ಕಿನ ಒಂದು ಪ್ರತ್ಯೇಕ ತುಂಡು, ಮುಗಿಯುವ ಗಡಿ ಎಲ್ಲಿದೆ ಎಂದು ಬಾಯಿಬಿಡುವುದು ಫೈಲ್ ಸರಿಸುವ ಎಂವಿ (mv) ಕಮಾಂಡ್. ಎಷ್ಟೇ ದೊಡ್ಡ ಫೈಲ್ ಆಗಲಿ, ಒಂದೇ ಪಾರ್ಟಿಷನ್ ಒಳಗೆ ಸರಿಸಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಫೈಲ್ ಇದ್ದಲ್ಲೇ ಇರುತ್ತದೆ, ಅದರ ಹೆಸರು ಬರೆದಿರುವ ಡೈರೆಕ್ಟರಿ ಮಾತ್ರ ಬದಲಾಗುತ್ತದೆ. ಪಾರ್ಟಿಷನ್ ದಾಟಿಸಬೇಕೆಂದರೆ ಪೂರ್ತಿ ಕಾಪಿ ಮಾಡಿ, ಆಮೇಲೆ ಹಳೆಯದನ್ನು ಅಳಿಸಬೇಕು. ಕಾಯಿರಿ! ಒಂದೇ ಫೈಲಿಗೆ ಇಡುವ ಇನ್ನೊಂದು ಹೆಸರಾದ ಹಾರ್ಡ್ ಲಿಂಕ್‌ಗೆ ಆ ಗಡಿ ದಾಟಲು ಆಗುವುದೇ ಇಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಯುಎಸ್‌ಆರ್ (/usr) ಡೈರೆಕ್ಟರಿಯ ಕಥೆ. 1970ರ ದಶಕದ ಆರಂಭ, ಯುನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್, ಪಿಡಿಪಿ-11 ಯಂತ್ರ. ಬಳಕೆದಾರರ ಫೈಲ್‌ಗಳು ಆಗ ಇದ್ದದ್ದು ಯುಎಸ್‌ಆರ್‌ನಲ್ಲಿ. ಮೊದಲ ಡಿಸ್ಕ್ ತುಂಬಿದಾಗ ಸಿಸ್ಟಂ ಪ್ರೋಗ್ರಾಂಗಳೂ ಅಲ್ಲಿಗೆ ನುಗ್ಗಿದವು, ಪ್ರೋಗ್ರಾಂಗಳನ್ನಿಡುವ ಬಿನ್ (bin) ಡೈರೆಕ್ಟರಿ ಎರಡಾಯಿತು: ರೂಟ್ ಕೆಳಗೊಂದು, ಯುಎಸ್‌ಆರ್ ಕೆಳಗೊಂದು. ಕೊನೆಗೆ ಬಳಕೆದಾರರೇ ಜಾಗ ಖಾಲಿ ಮಾಡಿ ಬೇರೆ ಕಡೆ ಹೋಗಬೇಕಾಯಿತು. ಡಿಸ್ಕ್ ಸಾಲದೆ ಆದ ಏರ್ಪಾಡಿಗೆ ಆಮೇಲೆ ಘನವಾದ ಕಾರಣಗಳು ಹುಟ್ಟಿಕೊಂಡವು: ಬೂಟ್ ಆಗಲು ಬೇಕಾದದ್ದು ರೂಟ್ ಕೆಳಗೆ, ಮಿಕ್ಕಿದ್ದು ಯುಎಸ್‌ಆರ್‌ನಲ್ಲಿ. 2012ರಲ್ಲಿ ಲಿನಕ್ಸ್‌ನ ಒಂದು ರೂಪವಾದ ಫೆಡೋರಾ 17 ಎರಡನ್ನೂ ಒಂದು ಮಾಡಿತು. ಅಲ್ಲೀಗ ರೂಟ್ ಕೆಳಗಿನ ಬಿನ್ ಬರೀ ಒಂದು ಸಿಂಬಾಲಿಕ್ ಲಿಂಕ್, ಯುಎಸ್‌ಆರ್‌ನ ಬಿನ್‌ಗೆ ದಾರಿ ತೋರಿಸುವ ಕೈಮರ.

ಹಾಗಾದರೆ ಪಾರ್ಟಿಷನ್ ಬೇಕೇ ಬೇಕಾ? ಸರ್ವರ್‌ನಲ್ಲಿ ವಾರ್ ಬೇರೆ ಇದ್ದರೆ ಲಾಗ್‌ಗಳು, ಅಂದರೆ ಸಿಸ್ಟಂ ಬರೆದಿಡುವ ದಾಖಲೆಗಳು, ಎಷ್ಟೇ ಬೆಳೆದರೂ ರೂಟ್ ತುಂಬುವುದಿಲ್ಲ. ಸ್ವಂತ ಲ್ಯಾಪ್‌ಟಾಪಿಗೆ ಹೋಮ್ ಒಂದು ಬೇರೆ ಇದ್ದರೆ ಸಾಕು. ಅದನ್ನು ಫಾರ್ಮ್ಯಾಟ್ ಮಾಡದೆಯೇ ಸಿಸ್ಟಂ ಹೊಸದಾಗಿ ಹಾಕಿಕೊಳ್ಳಬಹುದು. ಸುಮ್ನೆ ಏಳೆಂಟು ತುಂಡು ಮಾಡಿದರೆ ಒಂದರಲ್ಲಿ ಜಾಗ ಖಾಲಿ ಬಿದ್ದಿರುತ್ತದೆ, ಇನ್ನೊಂದು ಜಾಗ ಇಲ್ಲ ಎಂದು ಗೋಳಿಡುತ್ತದೆ.

ಮೌಂಟ್ ಮಾಡುವಾಗ, ಅಂದರೆ ಪಾರ್ಟಿಷನ್ನನ್ನು ಮರದ ಒಂದು ಡೈರೆಕ್ಟರಿಗೆ ಜೋಡಿಸುವಾಗ, ಮಾತ್ರ ಒಂದು ತಮಾಷೆ ಇದೆ. ಫೈಲ್‌ಗಳಿರುವ ಡೈರೆಕ್ಟರಿಯ ಮೇಲೇ ಪಾರ್ಟಿಷನ್ ಮೌಂಟ್ ಮಾಡಿದರೆ ಒಳಗಿದ್ದವು ಅಳಿಯುವುದಿಲ್ಲ, ಮರೆಯಾಗುತ್ತವೆ. ಜಾಗ ಮಾತ್ರ ತಿನ್ನುತ್ತಲೇ ಇರುತ್ತವೆ. ಪಾರ್ಟಿಷನ್‌ನಲ್ಲಿ ಎಷ್ಟು ಜಾಗ ಬಳಕೆಯಾಗಿದೆ ಎಂದು ಹೇಳುವ ಡಿಎಫ್ (df) ಕಮಾಂಡ್ ಅವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಕಾಣುವ ಫೈಲ್‌ಗಳನ್ನು ಕೂಡಿಸುವ ಡಿಯು (du) ಕಣ್ಣಿಗೆ ಅವು ಬೀಳುವುದಿಲ್ಲ. ಎರಡರ ಲೆಕ್ಕ ತಾಳೆಯಾಗದಿದ್ದರೆ ಒಮ್ಮೆ ಅನ್‌ಮೌಂಟ್ ಮಾಡಿ ಕೆಳಗೆ ಇಣುಕಿ ನೋಡಿ.