ಡೀಸೆಲ್ ಫಿಲ್ಟರ್ ತೊಳೆದರೆ ಹೊಸದಾಗದು

‘ಮಿನಿ ಟ್ರ್ಯಾಕ್ಟರ್‌ನ ಡೀಸೆಲ್ ಫಿಲ್ಟರ್ ಎಸೆಯಬೇಡಿ, ಪೆಟ್ರೋಲ್‌ನಲ್ಲಿ ತೊಳೆದು ಗಾಳಿ ಹೊಡೆಸಿ, ಹೊಸದರಂತಾಗುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ತಪ್ಪು. ದಯವಿಟ್ಟು ಹಾಗೆ ಮಾಡಬೇಡಿ.

ಒಳಗಿರುವುದು ಮಡಿಕೆ ಮಡಿಕೆಯಾದ ಕಾಗದ. ಕಂಪ್ರೆಸರ್ ಗಾಳಿಗೆ ಅದು ಕಣ್ಣಿಗೆ ಕಾಣದಷ್ಟು ಸಣ್ಣಗೆ ಹರಿಯುತ್ತದೆ. ಆ ಸೀಳಿನಿಂದ ದೂಳು ನೇರ ಇಂಜೆಕ್ಷನ್ ಪಂಪಿಗೆ (ಎಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವ ಪಂಪು). ಅಲ್ಲಿ ಡೀಸೆಲ್ ಒತ್ತುವ ಕಡ್ಡಿ (ಪ್ಲಂಜರ್) ಮತ್ತು ಅದು ಆಡುವ ಕೊಳವೆ (ಬ್ಯಾರೆಲ್) ನಡುವಿನ ಸಂದು ಕೆಲವೇ ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ). ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಗೀರು ಬಿದ್ದ ಪ್ಲಂಜರ್ ಬದಲಿಸದೆ ಬೇರೆ ದಾರಿಯಿಲ್ಲ. ತೊಳೆಯಬಹುದಾದದ್ದು ತಂತಿ ಜಾಲರಿಯ ಫಿಲ್ಟರ್ ಮಾತ್ರ, ಅದೂ ಡೀಸೆಲ್‌ನಲ್ಲಿ.

ಫಿಲ್ಟರ್ ಬದಲಿಸುವಾಗ ಟ್ಯಾಂಕಿನ ಕಾಕ್ (ಡೀಸೆಲ್ ನಿಲ್ಲಿಸುವ ನಲ್ಲಿ) ಮುಚ್ಚಿ. ಹಳೆಯ ರಬ್ಬರ್ ರಿಂಗ್ ಫಿಲ್ಟರ್ ಕೂರುವ ಜಾಗದಲ್ಲೇ ಅಂಟಿಕೊಂಡಿದೆಯೇ ನೋಡಿ, ಇದ್ದರೆ ತೆಗೆಯಿರಿ. ಎರಡು ರಿಂಗ್ ಸೇರಿದರೆ ಸೋರುತ್ತದೆ. ಹೊಸ ರಿಂಗಿಗೆ ಡೀಸೆಲ್ ಸವರಿ, ಕೈಯಲ್ಲೇ ತಿರುಗಿಸಿ ಕೂರಿಸಿ. ಕಾಕ್ ತೆರೆದು, ಒಳಗಿನ ಗಾಳಿ ಬಿಡುವ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಪ್ರೈಮರ್ (ಡೀಸೆಲ್ ತುಂಬುವ ಕೈಪಂಪು) ಒತ್ತಿ. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ.